ಹಳೆಯ ಲಾರಿ ಎಂಜಿನ್ನು ಎಷ್ಟು ಸುತ್ತು ತಾಳೀತು?

1944ರ ಬೇಸಿಗೆಯ ಕೊನೆ. ನಾರ್ಮಂಡಿಯಲ್ಲಿ ಇಳಿದಿದ್ದ ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ಒಳಗೆ ಮುನ್ನುಗ್ಗುತ್ತಿತ್ತು. ಅದರ ವೇಗಕ್ಕೆ ಸರಿಸಮನಾಗಿ ಪೆಟ್ರೋಲು, ಮದ್ದುಗುಂಡು, ಆಹಾರ ತಲುಪುತ್ತಿರಲಿಲ್ಲ. ರೈಲು ಹಳಿಗಳು ಬಾಂಬಿಗೆ ತುತ್ತಾಗಿದ್ದವು. ಆಗ ಅಮೆರಿಕದ ಸೇನೆ ಲಾರಿಗಳ ಸಾಲನ್ನೇ ರಸ್ತೆಗಿಳಿಸಿತು. ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಹಗಲಿರುಳೆನ್ನದೆ ಓಡಿದ ಈ ಸಾಲಿಗೆ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂದು ಹೆಸರು. ಚಾಲಕರಲ್ಲಿ ಬಹುಪಾಲು ಜನ ಕಪ್ಪು ವರ್ಣದ ಅಮೆರಿಕನ್ ಸೈನಿಕರು.

ಅವರು ಓಡಿಸುತ್ತಿದ್ದುದು ಹೆಚ್ಚಾಗಿ ಜಿ.ಎಂ.ಸಿ. ಕಂಪನಿಯ ಎರಡೂವರೆ ಟನ್ನಿನ ಲಾರಿ. ಸೈನಿಕರ ಬಾಯಲ್ಲಿ ಅದು ‘ಜಿಮ್ಮಿ’. ಯುದ್ಧದ ವರ್ಷಗಳಲ್ಲಿ ಇಂಥ ಲಾರಿಗಳು ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಅಸ್ಸಾಮಿನ ಲೆಡೊದಿಂದ ಬರ್ಮಾ ಕಾಡುಗಳ ಮೂಲಕ ಚೀನಾದತ್ತ ಹೊರಟ ರಸ್ತೆಯಲ್ಲೂ ಇವು ದುಡಿದಿವೆ. ಈ ಲಾರಿಯ ಎಂಜಿನ್ನು ನಿಮಿಷಕ್ಕೆ 2750 ಸುತ್ತು ಮೀರದಂತೆ ‘ಗವರ್ನರ್’ ಎಂಬ ಕಡಿವಾಣ ಅಳವಡಿಸಲಾಗಿತ್ತು. ಅವಸರದಲ್ಲಿದ್ದ ಚಾಲಕರಲ್ಲಿ ಅನೇಕರು ಮೊದಲು ಮಾಡಿದ ಕೆಲಸವೆಂದರೆ ಆ ಕಡಿವಾಣವನ್ನೇ ಕಿತ್ತುಹಾಕಿದ್ದು!

ಹಾಗಾದರೆ ಆ ಗವರ್ನರ್ ಅಲ್ಲಿ ಇದ್ದದ್ದೇಕೆ? ಅದನ್ನು ತೆಗೆದರೆ ಎಂಜಿನ್ನು ಎಷ್ಟರವರೆಗೆ ತಾಳುತ್ತದೆ? ಯುದ್ಧ ಮುಗಿದ ಮೇಲೆ ಈ ಪ್ರಶ್ನೆ ಅಮೆರಿಕದ ಯುವಕರ ಒಂದು ದೊಡ್ಡ ಹವ್ಯಾಸದ ಕೇಂದ್ರವಾಯಿತು.

ಉಪ್ಪಿನ ಬಯಲಿನಲ್ಲಿ ಲಾರಿ ಎಂಜಿನ್ನು

ದಕ್ಷಿಣ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಬಯಲಿನಲ್ಲಿ ಹಳೆಯ ಕಾರುಗಳನ್ನು ತಿದ್ದಿ ಓಡಿಸುವ ಹುಚ್ಚು ಯುದ್ಧಕ್ಕೆ ಮೊದಲೇ ಇತ್ತು. 1937ರಲ್ಲಿ ಇವರದೇ ಒಂದು ಸಂಘವೂ ಹುಟ್ಟಿತು. 1949ರಿಂದ ಯೂಟಾ ರಾಜ್ಯದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ‘ವೇಗದ ವಾರ’ ಆರಂಭವಾಯಿತು. ಜಿ.ಎಂ.ಸಿ.ಯ 270 ಘನ ಅಂಗುಲದ, ಅಂದರೆ ಸುಮಾರು 4.4 ಲೀಟರಿನ, ಆರು ಸಿಲಿಂಡರಿನ ಎಂಜಿನ್ನು ಈ ಹುಡುಗರ ಕಣ್ಣಿಗೆ ಬಿತ್ತು. ಅದು ದೊಡ್ಡದು, ಗಟ್ಟಿಮುಟ್ಟಾದದ್ದು. 1952ರಲ್ಲಿ ಬಂದ 302 ಘನ ಅಂಗುಲದ ಅದರ ಅಣ್ಣನಂತೂ ಇನ್ನೂ ಅಚ್ಚುಮೆಚ್ಚಾಯಿತು.

ಲಾರಿ ಎಂಜಿನ್ನಿನ ಮುಖ್ಯ ಕೊರತೆ ಉಸಿರಾಟದ್ದು. ಸಿಲಿಂಡರುಗಳು ಗಾಳಿಯ ದಾರಿಯನ್ನು ಹಂಚಿಕೊಳ್ಳುತ್ತಿದ್ದವು. ವೇಯ್ನ್ ಹಾರ್ನಿಂಗ್ ಎಂಬಾತ ರೂಪಿಸಿದ ಹನ್ನೆರಡು ದಾರಿಯ ಸಿಲಿಂಡರ್ ಹೆಡ್ ಈ ಕೊರತೆ ನೀಗಿತು. ಪ್ರತಿ ಸಿಲಿಂಡರಿಗೂ ಒಳಬರಲು ಒಂದು, ಹೊರಹೋಗಲು ಒಂದು ಪ್ರತ್ಯೇಕ ದಾರಿ. ಇದರ ಜೊತೆಗೆ ಹಲವು ಕಾರ್ಬ್ಯುರೇಟರುಗಳು, ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಹೊಸ ಕ್ಯಾಮ್‌ಶಾಫ್ಟ್. ಉಸಿರು ಸರಾಗವಾದ ಎಂಜಿನ್ನು ಇನ್ನೂ ಜೋರಾಗಿ ಸುತ್ತಲು ಹಂಬಲಿಸುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಯೇ. ಉಸಿರಾಟ ಬದಲಾಯಿತೇ ಹೊರತು ಮೂಳೆ ಬದಲಾಗಲಿಲ್ಲ.

ಒಂದಕ್ಕೆ ನಾಲ್ಕು

ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. 270 ಮತ್ತು 302 ಎರಡರಲ್ಲೂ ಈ ಓಡಾಟದ ದೂರ, ಅಂದರೆ ಸ್ಟ್ರೋಕ್, ನಾಲ್ಕು ಅಂಗುಲ. ನಿಮಿಷಕ್ಕೆ 2750 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 9.3 ಮೀಟರ್. ಇದು ಅಂಥ ದೊಡ್ಡ ವೇಗವೇನಲ್ಲ. ಆದರೆ ಪಿಸ್ಟನ್ ಒಂದೇ ಸಮನೆ ಓಡುವುದಿಲ್ಲ. ಪ್ರತಿ ಸುತ್ತಿಗೆ ಎರಡು ಬಾರಿ ಪೂರ್ತಿ ನಿಂತು, ದಿಕ್ಕು ಬದಲಿಸಿ ಮತ್ತೆ ಹೊರಡಬೇಕು. ಸೆಕೆಂಡಿಗೆ ತೊಂಬತ್ತಕ್ಕೂ ಹೆಚ್ಚು ಸಲ ನಿಲ್ಲುವುದು, ಹೊರಡುವುದು.

ಪಿಸ್ಟನ್ನನ್ನು ಹೀಗೆ ಹಿಡಿದು ನಿಲ್ಲಿಸುವುದು ಕನೆಕ್ಟಿಂಗ್ ರಾಡ್ ಮತ್ತು ಅದರ ಎರಡು ಬೋಲ್ಟು. ಪಿಸ್ಟನ್ ಮತ್ತು ಅದರೊಂದಿಗೆ ಚಲಿಸುವ ಭಾಗಗಳ ತೂಕ ಒಂದು ಕಿಲೋ ಎಂದು ಇಟ್ಟುಕೊಂಡರೆ, 2750 ಸುತ್ತಿನಲ್ಲಿ ಆ ಬೋಲ್ಟುಗಳ ಮೇಲೆ ಬೀಳುವ ಎಳೆತ ಸುಮಾರು 550 ಕಿಲೋ. ಸುತ್ತನ್ನು ಇಮ್ಮಡಿಗೊಳಿಸಿ 5500 ಮಾಡಿದರೆ ಎಳೆತ 1100 ಆಗುವುದಿಲ್ಲ, 2200 ಆಗುತ್ತದೆ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಕವಣೆಯಲ್ಲಿ ಕಲ್ಲಿಟ್ಟು ಬೀಸಿದವರಿಗೆ ಇದು ಗೊತ್ತು. ಕಲ್ಲು ಅದೇ, ಕೈಗೆ ತಗಲುವ ಜಗ್ಗು ಮಾತ್ರ ಬೇರೆ.

ಸ್ಟ್ರೋಕ್ ಚಿಕ್ಕದಾದಷ್ಟೂ ಸುತ್ತು ಹೆಚ್ಚಿಸಬಹುದು. 2006ರ ಕಾಸ್‌ವರ್ತ್ ಫಾರ್ಮುಲಾ ಒನ್ ಎಂಜಿನ್ನು ನಿಮಿಷಕ್ಕೆ 20,000 ಸುತ್ತು ಮುಟ್ಟಿತು. ಅದರ ಸ್ಟ್ರೋಕ್ ಸುಮಾರು 40 ಮಿಲಿಮೀಟರ್ ಮಾತ್ರ. ಅದರ ಪಿಸ್ಟನ್ನಿನ ಸರಾಸರಿ ವೇಗವನ್ನು ನಮ್ಮ ಲಾರಿ ಎಂಜಿನ್ನು 7800 ಸುತ್ತಿಗೇ ಮುಟ್ಟಿಬಿಡುತ್ತದೆ. ಅದೂ ಭಾರದ ಕಬ್ಬಿಣ, ಉಕ್ಕನ್ನು ಹೊತ್ತುಕೊಂಡು. ಲಾರಿ ಎಂಜಿನ್ನು ನಿಧಾನವಾಗಿ ಸುತ್ತುತ್ತ ಬಲವಾಗಿ ಎಳೆಯಲು ಹುಟ್ಟಿದ್ದು. ಗಾಡಿ ಎತ್ತನ್ನು ಕುದುರೆ ಜೂಜಿಗೆ ಇಳಿಸಿದರೆ ಎತ್ತಿನ ತಪ್ಪೇನು?

ಬೇರೆ ಮೂರು ಗಡಿಗಳು

ರಾಡಿನ ಜೊತೆಗೆ ಇನ್ನೂ ಮೂರು ಗಡಿಗಳಿವೆ. ಮೊದಲನೆಯದು ವಾಲ್ವ್. ಉದ್ದನೆಯ ಪುಶ್‌ರಾಡು, ರಾಕರ್ ಇವುಗಳ ಮೂಲಕ ತೆರೆಯುವ ವಾಲ್ವನ್ನು ಮತ್ತೆ ಮುಚ್ಚುವುದು ಸ್ಪ್ರಿಂಗ್. ಒಂದು ವೇಗದ ನಂತರ ಸ್ಪ್ರಿಂಗಿಗೆ ಅಷ್ಟು ಬೇಗ ಮುಚ್ಚಲಾಗದೆ ವಾಲ್ವ್ ತೇಲಾಡುತ್ತದೆ. ಶಕ್ತಿ ಕುಸಿಯುತ್ತದೆ. ಕಂಪ್ರೆಷನ್ ಏರಿಸಿ, ಕ್ಯಾಮ್ ಬದಲಿಸಿದ ಎಂಜಿನ್ನಿನಲ್ಲಿ ವಾಲ್ವ್ ಪಿಸ್ಟನ್ನಿಗೇ ಬಡಿಯಬಹುದು.

ಎರಡನೆಯದು ಕ್ರ್ಯಾಂಕ್‌ಶಾಫ್ಟ್. ಆರು ಸಿಲಿಂಡರಿನ ಉದ್ದಕ್ಕೂ ಚಾಚಿದ ಈ ಶಾಫ್ಟಿಗೆ ಈ ಎಂಜಿನ್ನಿನಲ್ಲಿ ಆಧಾರ ನಾಲ್ಕೇ ಬೇರಿಂಗು. ಪ್ರತಿ ಸ್ಫೋಟಕ್ಕೂ ಅದು ಕೂದಲೆಳೆಯಷ್ಟು ತಿರುಚಿ ಬಿಡುತ್ತದೆ. ಕೆಲವು ವೇಗಗಳಲ್ಲಿ ಈ ತಿರುಚುವಿಕೆ ಉಯ್ಯಾಲೆಯನ್ನು ತಾಳಕ್ಕೆ ಸರಿಯಾಗಿ ನೂಕಿದ ಹಾಗೆ ಬೆಳೆಯುತ್ತ ಹೋಗುತ್ತದೆ. ಅದನ್ನು ತಡೆಯಲೆಂದೇ ಮುಂಭಾಗದಲ್ಲಿ ಡ್ಯಾಂಪರ್ ಇರುವುದು. ಅದರ ರಬ್ಬರು ಹಳತಾಗಿದ್ದರೆ ಶಾಫ್ಟಿಗೆ ರಕ್ಷಣೆಯಿಲ್ಲ.

ಮೂರನೆಯದು ಎಣ್ಣೆ. ಜಿ.ಎಂ.ಸಿ. ಎಂಜಿನ್ನಿನಲ್ಲಿ ಬೇರಿಂಗುಗಳಿಗೆ ಪಂಪಿನ ಒತ್ತಡದಿಂದ ಎಣ್ಣೆ ಹೋಗುತ್ತಿತ್ತು. ಅದೇ ಕಾಲದ ಷೆವ್ರೊಲೆಯ 216 ಘನ ಅಂಗುಲದ ಎಂಜಿನ್ನಿನಲ್ಲಾದರೋ ರಾಡಿನ ತುದಿಯ ಸೌಟಿನಂಥ ಭಾಗ ಎಣ್ಣೆಯನ್ನು ಬಾಚಿಕೊಳ್ಳಬೇಕಿತ್ತು. ಹವ್ಯಾಸಿಗಳು ಜಿ.ಎಂ.ಸಿ.ಯನ್ನು ಮೆಚ್ಚಿದ್ದಕ್ಕೆ ಇದೂ ಒಂದು ಕಾರಣ.

ಕಾಲಿನ ಬಳಿಯ ಅಪಾಯ

ರಾಡು ಮುರಿದರೆ ಎಂಜಿನ್ನು ಹೋಗುತ್ತದೆ. ಫ್ಲೈವೀಲ್ ಒಡೆದರೆ ಮನುಷ್ಯನೇ ಹೋಗಬಹುದು. ಲಾರಿಗಳಲ್ಲಿ ಬಳಸುವ ಎರಕದ ಕಬ್ಬಿಣದ ಅಗಲವಾದ ಫ್ಲೈವೀಲ್ ನಿಧಾನದ ಓಟಕ್ಕೆ ಒಳ್ಳೆಯದು. ಆದರೆ ಎರಕದ ಕಬ್ಬಿಣ ಅದುಮುವಿಕೆಯನ್ನು ತಾಳುವಷ್ಟು ಎಳೆತವನ್ನು ತಾಳದು. ಇಲ್ಲಿಯೂ ಸುತ್ತು ಇಮ್ಮಡಿಯಾದರೆ ಎಳೆತ ನಾಲ್ಮಡಿ. ಅದು ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ. ಅದು ಇರುವುದಾದರೂ ಎಲ್ಲಿ? ಚಾಲಕನ ಪಾದದ ಸಮೀಪದಲ್ಲಿ.

ತಿರುಗುವ ಲೋಹ ಒಡೆದರೆ ಏನಾಗುತ್ತದೆ ಎಂಬುದನ್ನು ರೇಸಿನ ಜಗತ್ತು ರಕ್ತ ಸುರಿಸಿಯೇ ಕಲಿತಿದೆ. 1970ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ರೇಸ್ ಪಥದಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಖ್ಯಾತ ಚಾಲಕನ ಗೇರುಪೆಟ್ಟಿಗೆ ಸ್ಫೋಟಿಸಿ ಅವನ ಪಾದದ ಒಂದು ಭಾಗವೇ ಹೋಯಿತು. ಅದು ಲಾರಿ ಎಂಜಿನ್ನಿನ ವಾಹನವಲ್ಲ, ಆದರೆ ಪಾಠ ಒಂದೇ. ಮರುವರ್ಷ ಅವನು ಎಂಜಿನ್ನನ್ನು ತನ್ನ ಬೆನ್ನ ಹಿಂದಿಟ್ಟುಕೊಂಡು ಮತ್ತೆ ಗೆದ್ದ. ಕ್ಲಚ್ ಮತ್ತು ಫ್ಲೈವೀಲಿನ ಸುತ್ತ ದಪ್ಪ ಉಕ್ಕಿನ ಕವಚ ಹಾಕುವುದು ಇಂಥ ಓಟಗಳ ನಿಯಮಗಳಲ್ಲಿ ಸೇರಿರುವುದಕ್ಕೆ ಕಾರಣ ಈ ಬಗೆಯ ಅಪಘಾತಗಳೇ.

ಹಾಗಾದರೆ ಎಷ್ಟು?

ಎಂಜಿನ್ ಕಟ್ಟುವವರಲ್ಲಿ ಒಂದು ಹಳೆಯ ಅಂದಾಜು ಲೆಕ್ಕವಿದೆ. ಕಾರ್ಖಾನೆಯ ಭಾಗಗಳೇ ಇದ್ದರೆ ಪಿಸ್ಟನ್ನಿನ ಸರಾಸರಿ ವೇಗ ನಿಮಿಷಕ್ಕೆ 2500 ಅಡಿ ಮೀರಬಾರದು. ಒಳ್ಳೆಯ ರಾಡು, ಹೊಸ ಬೋಲ್ಟು, ಹಗುರ ಪಿಸ್ಟನ್ ಹಾಕಿ ತೂಕ ಸರಿದೂಗಿಸಿದ್ದರೆ 3500 ಅಡಿಯವರೆಗೆ ಹೋಗಬಹುದು. ನಾಲ್ಕು ಅಂಗುಲದ ಸ್ಟ್ರೋಕಿಗೆ ಇದನ್ನು ಅನ್ವಯಿಸಿದರೆ ಮೊದಲನೆಯದಕ್ಕೆ 3750 ಸುತ್ತು, ಎರಡನೆಯದಕ್ಕೆ 5250 ಸುತ್ತು. ಇದು ಗುರಿಯಲ್ಲ, ಗಡಿ. ಅದೂ ಭಾಗಗಳೆಲ್ಲ ಸುಸ್ಥಿತಿಯಲ್ಲಿದ್ದರೆ ಮಾತ್ರ. ಎಪ್ಪತ್ತು ವರ್ಷ ದುಡಿದ ರಾಡಿನಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು. ಕಾಂತೀಯ ಪರೀಕ್ಷೆ ಮಾಡಿಸದೆ ಯಾವ ಲೆಕ್ಕವನ್ನೂ ನಂಬುವಂತಿಲ್ಲ.

ಇನ್ನೊಂದು ಮಾತು. ಗವರ್ನರ್ ಇದ್ದರೂ ಅದು ತಡೆಯುವುದು ಇಂಧನದಿಂದ ಬರುವ ವೇಗವನ್ನು ಮಾತ್ರ. ಇಳಿಜಾರಿನಲ್ಲಿ ಅವಸರಪಟ್ಟು ಕೆಳಗಿನ ಗೇರಿಗೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಗಡಿಯಾಚೆಗೆ ತಿರುಗಿಸುತ್ತವೆ. ಆಗ ಕಾಯುವುದು ಚಾಲಕನ ಎಚ್ಚರವೊಂದೇ.

ಬಾನೆವಿಲ್‌ನಲ್ಲಿ ಇಂದಿಗೂ ಇಂಥ ಹಳೆಯ ಎಂಜಿನ್ನುಗಳಿಗೆಂದೇ ಪ್ರತ್ಯೇಕ ವಿಭಾಗವಿದೆ, ಜಿಮ್ಮಿಗಳು ಅಲ್ಲಿ ಓಡುತ್ತವೆ. 1944ರಲ್ಲಿ ಗವರ್ನರ್ ಕಿತ್ತ ಚಾಲಕರಿಗೆ ಮುಂದೆ ಯುದ್ಧವಿತ್ತು, ಎಂಜಿನ್ನು ಹೋದರೆ ಸೇನೆ ಇನ್ನೊಂದನ್ನು ಕೊಡುತ್ತಿತ್ತು. ಇಂದಿನ ಹವ್ಯಾಸಿಗೆ ಆ ಅನಿವಾರ್ಯವೂ ಇಲ್ಲ, ಆ ಅನುಕೂಲವೂ ಇಲ್ಲ. ಕಡಿವಾಣ ಕೀಳುವ ಮುನ್ನ ಅದು ಕಾಯುತ್ತಿದ್ದುದು ಏನನ್ನು ಎಂದು ಅವನು ತಿಳಿದಿರಬೇಕು.