ಏಳನೆಯ ನಡೆ ಕಲಿಸಿದ ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೇ ತರಗತಿಗೆ ಚದುರಂಗದ ಕಾರೋ-ಕಾನ್ ರಕ್ಷಣೆಯನ್ನು ಕಲಿಸಲು ಹೊರಟಿದ್ದೆ. ಏಳು ನಡೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಲು ಹೇಳಿದೆ. "ಮಿಸ್, ಏಳನೇ ನಡೇಲಿ ಕಾಲಾಳು ತಳ್ಳಿ ಕುದುರೇನ ಓಡಿಸಿದ್ರೆ ತಪ್ಪೇನು?" ಎಂದು ಒಬ್ಬಳು ಕೇಳಿದಳು. "ಪುಸ್ತಕದಲ್ಲಿ ಹಾಗಿಲ್ಲ" ಎಂದು ಕೂರಿಸಿಬಿಟ್ಟೆ. ಅದು ಉತ್ತರವಲ್ಲ ಎಂದು ಮನೆಗೆ ಹೋದ ಮೇಲೆ ತಿಳಿಯಿತು. ಆಕೆ ಹೇಳಿದ ನಡೆಯನ್ನೇ ಆಡಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಸೋತಿದ್ದರು.

ಅದು 1997ರ ಮೇ 11, ನ್ಯೂಯಾರ್ಕ್. ಐಬಿಎಂನ ಡೀಪ್ ಬ್ಲೂ ಕಂಪ್ಯೂಟರ್ ವಿರುದ್ಧ ಐದು ಆಟಗಳು ಮುಗಿದು ಅಂಕ 2.5–2.5 ಸಮವಾಗಿತ್ತು. ಆರನೆಯದೇ ಕೊನೆಯ ಆಟ. ಕಾಸ್ಪರೋವ್ ಅವರದು ಕಪ್ಪು ಕಾಯಿ.

ಈ ಆರಂಭದ ತಿರುಳು ಸರಳ. ಬಿಳಿಯ ಕಾಲಾಳು ಇ4ಕ್ಕೆ ಬಂದಾಗ ಕಪ್ಪು ಮೊದಲು ಸಿ6 ಆಡಿ, ಆ ಆಸರೆಯಿಂದ ಡಿ5 ಆಡುತ್ತದೆ. ಈ ಆಟದಲ್ಲಿ ಏಳನೆಯ ನಡೆಯ ಹೊತ್ತಿಗೆ ಬಿಳಿಯ ಕುದುರೆ ಜಿ5ರಲ್ಲಿ, ಒಂಟೆ ಡಿ3ರಲ್ಲಿ ಇದ್ದವು. ರೂಢಿಯಂತೆ ಕಪ್ಪು ಮೊದಲು ತನ್ನ ಒಂಟೆಯನ್ನು ಡಿ6ಕ್ಕೆ ತಂದು, ಆಮೇಲೆ ಎಚ್6 ಆಡಬೇಕು. ಕಾಸ್ಪರೋವ್ ಮೊದಲೇ ಎಚ್6 ಆಡಿದರು.

ಕುದುರೆ ಹಿಂದೆ ಸರಿಯಲಿಲ್ಲ. ಇ6ರ ಕಾಲಾಳನ್ನೇ ಹೊಡೆಯಿತು. ಎಫ್7ರ ಕಾಲಾಳು ಅದನ್ನು ತೆಗೆದರೆ ಬಿಳಿಯ ಒಂಟೆ ಜಿ6ಕ್ಕೆ ಬಂದು ರಾಜನಿಗೆ ಚೆಕ್ ಕೊಡುತ್ತದೆ. ಕಾಲಾಳು ಎಚ್7ರಲ್ಲೇ ಇದ್ದಿದ್ದರೆ ಆ ಒಂಟೆಯನ್ನು ಹೊಡೆಯಬಹುದಿತ್ತು. ಕಪ್ಪಿನ ಒಂಟೆ ಮೊದಲೇ ಹೊರಬಂದಿದ್ದರೆ ರಾಜನಿಗೆ ಎಫ್8 ಮನೆಯಾದರೂ ಸಿಗುತ್ತಿತ್ತು. ಇಲ್ಲಿ ಎರಡೂ ಇರಲಿಲ್ಲ. ಕಾಸ್ಪರೋವ್ ಮೊದಲು ಮಂತ್ರಿಯನ್ನು ಇ7ಕ್ಕೆ ತಂದು, ಮರುನಡೆಯಲ್ಲಿ ಕುದುರೆಯನ್ನು ತೆಗೆದರು. ಚೆಕ್ ಬಿತ್ತು, ರಾಜ ಡಿ8ಕ್ಕೆ ಸರಿಯಬೇಕಾಯಿತು, ಎಫ್8ರ ಒಂಟೆ ಮಂತ್ರಿಯ ಹಿಂದೆ ಸಿಕ್ಕಿಕೊಂಡಿತು. ಹತ್ತೊಂಬತ್ತನೆಯ ನಡೆಗೆ ಅವರು ಸೋಲೊಪ್ಪಿದರು. ಸರಣಿ 3.5–2.5ರಿಂದ ಯಂತ್ರದ ಪಾಲಾಯಿತು.

ಮರುದಿನ ಎರಡು ಮಣೆ ಜೋಡಿಸಿದೆ: ಒಂದರಲ್ಲಿ ಕಾಲಾಳು ಎಚ್7ರಲ್ಲಿ, ಇನ್ನೊಂದರಲ್ಲಿ ಎಚ್6ರಲ್ಲಿ. "ಜಿ6 ಮನೆಯನ್ನು ಈಗ ಕಾಯುವವರು ಯಾರು?" ಎಂದಷ್ಟೇ ಕೇಳಿದೆ. ಆ ಹುಡುಗಿ ಎರಡೂ ಮಣೆಗಳನ್ನು ನೋಡಿ, "ಇಲ್ಲಿ ಯಾರೂ ಇಲ್ಲ ಮಿಸ್" ಎಂದಳು. ಮುಂದಿನ ವಿವರಣೆಯನ್ನು ತರಗತಿಗೆ ಅವಳೇ ಕೊಟ್ಟಳು.

ಗಣಿತದ ಹಂತಗಳಿರಲಿ, ವಿಜ್ಞಾನದ ಪ್ರಯೋಗವಿರಲಿ, ಪಾಠಯೋಜನೆಯಲ್ಲಿ ಕ್ರಮವನ್ನು ಬರೆಯುವಾಗ ಪಕ್ಕದಲ್ಲೇ ಒಂದು ಪ್ರಶ್ನೆ ಬರೆದುಕೊಳ್ಳುವುದು ಒಳ್ಳೆಯದು: ಇದನ್ನು ಮೊದಲೇ ಮಾಡಿದರೆ ಏನು ಕೆಡುತ್ತದೆ? ಆ ಉತ್ತರ ನಮಗೆ ಗೊತ್ತಿಲ್ಲದಿದ್ದರೆ ಮಕ್ಕಳಿಗೆ ಉಳಿಯುವುದು ಬಾಯಿಪಾಠ ಮಾತ್ರ.