ಬಿಳಿ ಎರಡರಲ್ಲೊಂದು ವಿರಹ

ಅಮೆರಿಕದ ಒಕ್ಲಹೋಮಾ ರಾಜ್ಯದ ಟಲ್ಸಾ ಊರಿನ ಕೇನ್ಸ್ ಬಾಲ್‌ರೂಮ್‌. ಮೇಪಲ್ ಹಲಗೆಯ ನೆಲದ ಮೇಲೆ ಬೂಟುಗಳು ಸರಸರ ಜಾರುತ್ತಿವೆ. ಕೈಗೆ ಕೈ ಕೊಟ್ಟ ಜೋಡಿಗಳೆಲ್ಲ ಅಪ್ರದಕ್ಷಿಣವಾಗಿ ಒಂದೇ ದಿಕ್ಕಿಗೆ ಸಾಗುತ್ತಿವೆ: ಎರಡು ಬೇಗದ ಹೆಜ್ಜೆ, ಎರಡು ನಿಧಾನದ ಹೆಜ್ಜೆ. ಆಗ ವೇದಿಕೆಯ ಮೇಲೆ ಫಿಡಲುಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಮೊದಲ ಕಮಾನಿಗೇ ಜನರಿಗೆ ಗುರುತು ಸಿಗುತ್ತದೆ. ಇದು ‘ಫೇಡೆಡ್ ಲವ್’, ಬಣ್ಣ ಮಾಸಿದ ಒಲವಿನ ಹಾಡು.

ಬಾಬ್ ವಿಲ್ಸ್ ಮತ್ತು ಅವನ ಟೆಕ್ಸಸ್ ಪ್ಲೇಬಾಯ್ಸ್ ತಂಡ ಇದನ್ನು ಮುದ್ರಿಸಿದ್ದು 1950ರಲ್ಲಿ. ಹಳ್ಳಿಯ ಫಿಡಲು, ಕರಿಯರ ಬ್ಲೂಸ್, ನಗರದ ಜಾಝ್ ಬೆರೆತು ಹುಟ್ಟಿದ ಅವರ ಸಂಗೀತಕ್ಕೆ ವೆಸ್ಟರ್ನ್ ಸ್ವಿಂಗ್ ಎಂದು ಹೆಸರು. ಬಾಬ್ ಹುಡುಗನಾಗಿದ್ದಾಗ ಟೆಕ್ಸಸ್ಸಿನ ಹೊಲಗಳಲ್ಲಿ ಕರಿಯರ ಜೊತೆ ಹತ್ತಿ ಬಿಡಿಸುತ್ತ ಅವರ ಹಾಡು ಕಲಿತವನು. ಈ ಹಾಡಿನ ಧಾಟಿ ಮಾತ್ರ ಮನೆಯದೇ. ಅಪ್ಪ ಜಾನ್ ವಿಲ್ಸ್ ಫಿಡಲಿನಲ್ಲಿ ನುಡಿಸುತ್ತಿದ್ದ ಧಾಟಿಗೆ ಬಾಬ್ ಮತ್ತು ತಮ್ಮ ಬಿಲ್ಲಿ ಜ್ಯಾಕ್ ಮಾತು ಕೂಡಿಸಿದರು. ಕಿವಿಗೊಟ್ಟರೆ ಅದರ ಬೆನ್ನಿಗೆ 1856ರ ‘ಡಾರ್ಲಿಂಗ್ ನೆಲ್ಲಿ ಗ್ರೇ’ ಕೇಳಿಸುತ್ತದೆ. ಗುಲಾಮಳಾಗಿ ದೂರದ ಊರಿಗೆ ಮಾರಾಟವಾಗಿ ಹೋದವಳನ್ನು ನೆನೆದು ಅವಳ ಪ್ರಿಯ ಅಳುವ ಹಾಡು ಅದು.

ಫಿಡಲಿನವರು ಇದಕ್ಕೆ ಸಾಮಾನ್ಯವಾಗಿ ಹಿಡಿಯುವ ಶ್ರುತಿ ಡಿ ಮೇಜರ್. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು. ಸ್ವರಗಳೋ ಶಂಕರಾಭರಣದವು. ಫಿಡಲಿನ ನಡುವಿನ ಎರಡು ತಂತಿ ಡಿ ಮತ್ತು ಎ. ಹಾಗಾಗಿ ಷಡ್ಜ, ಪಂಚಮ ಎರಡೂ ಬೆರಳು ಒತ್ತದ ಖಾಲಿ ತಂತಿಯಲ್ಲೇ ಮೊಳಗುತ್ತವೆ. ಒಂದು ತಂತಿಯಲ್ಲಿ ಧಾಟಿ ನಡೆಯುವಾಗ ಪಕ್ಕದ ತಂತಿಗೆ ಕಮಾನು ಸೋಕಿದರೆ ಸಾಕು, ತಂಬೂರಿ ಮೀಟಿದಂತೆ ಗುಂಯ್ ಎನ್ನುತ್ತದೆ. ಹೀಗೆ ತಳ ತುಂಬಿರುವಾಗ ಗಿಟಾರಿನಲ್ಲಿ ಕೋಮಲ ನಿಷಾದದ ನೆರಳು ಒಮ್ಮೆ ಸುಳಿದು ಹಾಡು ಮಧ್ಯಮಕ್ಕೆ ಹೊರಳುತ್ತದೆ. ನನಗೆ ಗಂಟಲು ಕಟ್ಟುವುದು ಅಲ್ಲಿಯೇ.

ಮಾತಿನಲ್ಲಿ ಇರುವುದೆಲ್ಲ ವಿರಹವೇ, ಹಳೆಯ ಕಾಗದಗಳನ್ನು ಮುಂದಿಟ್ಟುಕೊಂಡು ಹಂಬಲಿಸುವ ಜೀವದ ಮಾತು. ಆದರೆ ಕಾಲಪ್ರಮಾಣ ನೋಡಿ! ಮಧ್ಯಮ ಕಾಲ, ಸಂಜೆ ವಾಯುವಿಹಾರಕ್ಕೆ ಹೊರಟವರ ನಡಿಗೆ. ನಾಲ್ಕು ಎಣಿಕೆಯ ಆವರ್ತದಲ್ಲಿ ಒಂದಕ್ಕೂ ಮೂರಕ್ಕೂ ಬಾಸ್ ಗುಮ್ಮೆನ್ನುತ್ತದೆ, ಎರಡಕ್ಕೂ ನಾಲ್ಕಕ್ಕೂ ಗಿಟಾರು ಚಕ್ ಎಂದು ಕತ್ತರಿಸುತ್ತದೆ. ಸ್ಟೀಲ್ ಗಿಟಾರು ಸ್ವರದಿಂದ ಸ್ವರಕ್ಕೆ ಜಾರುತ್ತ ನಿಟ್ಟುಸಿರು ಬಿಡುತ್ತದೆ. ಅಷ್ಟರಲ್ಲಿ ಬಾಬ್ ಎಳೆದ ದನಿಯಲ್ಲಿ ‘ಆ…ಹಾ’ ಎಂದು ಕೂಗುತ್ತಾನೆ. ಕುಣಿಯಲು ಬಂದವರಿಗಾಗಿ ಕಟ್ಟಿದ ಹಾಡು ಇದು. ಎಷ್ಟೇ ನೋವಿದ್ದರೂ ಹೆಜ್ಜೆ ನಿಲ್ಲಬಾರದು. ಅದಕ್ಕೇ ಇಲ್ಲಿ ದುಃಖ ಮೂಲೆ ಹಿಡಿದು ಕೂರುವುದಿಲ್ಲ, ಎಲ್ಲರ ನಡುವೆ ನಡೆದಾಡುತ್ತದೆ.

ಕಾಲ ಬದಲಾದರೆ ಭಾವ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಇದೇ ಹಾಡು ಸಾಕ್ಷಿ. 1963ರ ಫೆಬ್ರುವರಿಯಲ್ಲಿ ಗಾಯಕಿ ಪ್ಯಾಟ್ಸಿ ಕ್ಲೈನ್ ಇದನ್ನು ವಿಳಂಬದಲ್ಲಿ ಹಾಡಿದಳು. ಕೊನೆಯ ಪದಕ್ಕೆ ಮೊದಲು ಅವಳು ಎಳೆದುಕೊಳ್ಳುವ ಉಸಿರು ಕೂಡ ಮುದ್ರಿಕೆಯಲ್ಲಿ ಕೇಳಿಸುತ್ತದೆ. ಮುಂದಿನ ತಿಂಗಳೇ ವಿಮಾನ ಅಪಘಾತದಲ್ಲಿ ತೀರಿಕೊಂಡಳು. ಅವಳ ಹಾಡು ಒಬ್ಬರೇ ಕುಳಿತು ಅಳಲು. ಬಾಬ್‌ನದು ಒಬ್ಬರ ಹೆಗಲ ಮೇಲೆ ಕೈಯಿಟ್ಟು ಅಳು ನುಂಗಲು. ನನ್ನ ಮನಸ್ಸು ಇಂದಿಗೂ ಬಾಬ್‌ನ ಕಡೆಗೇ ವಾಲುತ್ತದೆ.

1988ರಲ್ಲಿ ಒಕ್ಲಹೋಮಾ ಇದನ್ನು ತನ್ನ ರಾಜ್ಯದ ಅಧಿಕೃತ ಕಂಟ್ರಿ ಹಾಡನ್ನಾಗಿ ಆರಿಸಿಕೊಂಡಿತು. ನೀವೂ ಒಮ್ಮೆ ಕೇಳಿ. ಮೊದಲು 1950ರದು, ಆಮೇಲೆ ಪ್ಯಾಟ್ಸಿಯದು.