ನೆರಳಿಲ್ಲದ ಮಧ್ಯಾಹ್ನ, ಅರಿಶಿಣದ ಪಟ್ಟಿ

ಆಗಸ್ಟ್ ಮೊದಲ ವಾರ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಶಾಲೆಗಳಲ್ಲಿ ಸ್ವಾತಂತ್ರ್ಯ ದಿನದ ತಯಾರಿ ಶುರುವಾಗಿರುತ್ತದೆ. ಧ್ವಜದ ಕಟ್ಟೆಗೆ ಸುಣ್ಣ, ಕಂಬಕ್ಕೆ ಬಣ್ಣ. ಅದೇ ವಾರ, 4ನೇ ತಾರೀಖಿನ ಆಸುಪಾಸು, ಮಧ್ಯಾಹ್ನ 12 ಗಂಟೆ 35 ನಿಮಿಷದ ಹೊತ್ತಿಗೆ ಆ ಕಂಬದ ನೆರಳು ಮಾಯವಾಗುತ್ತದೆ. ಮೋಡ ಸರಿದು ಬಿಸಿಲು ಬಿದ್ದರೆ ಸಾಕು, ಅಂಗಳದಲ್ಲಿ ನಿಂತ ಮಕ್ಕಳ ನೆರಳೂ ಅವರವರ ಪಾದದ ಕೆಳಗೇ ಅಡಗುತ್ತದೆ. "ನೆಳ್ಳ ಎಲ್ಲಿ ಹೋತ್ರಿ ಸರ್?" ಎಂಬ ಪ್ರಶ್ನೆ ಬರುವುದು ಆಗಲೇ. ಆ ಪ್ರಶ್ನೆಯಿಂದ ಒಂದು ವಾರದ ಪಾಠ ಹುಟ್ಟುತ್ತದೆ.

ಜತ್ತ ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ವರ್ಷಕ್ಕೆ ಎರಡು ಸಲ, ಮೇ 8 ಮತ್ತು ಆಗಸ್ಟ್ 4ರ ಸುಮಾರಿಗೆ, ಇಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಹಳ್ಳಿಯಿಂದ ಹಳ್ಳಿಗೆ ಒಂದು ದಿನ ಹಿಂದೆಮುಂದೆ ಆಗಬಹುದು. ದೆಹಲಿಯ ಮಕ್ಕಳಿಗೆ ಈ ನೋಟ ಎಂದಿಗೂ ಸಿಗದು, ಏಕೆಂದರೆ ಆ ಊರು ಕರ್ಕಾಟಕ ವೃತ್ತದ ಆಚೆಗಿದೆ. ಗಡಿಯಾರ 12 ಹೊಡೆದಾಗಲ್ಲದೆ 12.35ಕ್ಕೆ ಮಧ್ಯಾಹ್ನ ಏಕೆ ಎನ್ನುವುದು ಇನ್ನೊಂದು ಒಗಟು. ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಜತ್ತ ಅದಕ್ಕಿಂತ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂದು ಮಕ್ಕಳೇ ಗುಣಿಸಿ ನೋಡಿದರೆ ಹೆಚ್ಚಿನ ಉತ್ತರ ಅಲ್ಲೇ ಸಿಗುತ್ತದೆ.

ಇದಕ್ಕೆ ಬೇಕಾದ ಸಾಮಾನು ಒಂದು ನೆಟ್ಟನೆಯ ಕೋಲು, ಅದು ನೆಟ್ಟಗಿದೆಯೇ ಎಂದು ನೋಡಲು ಗೌಂಡಿಗಳು ಬಳಸುವ ತೂಗುಗುಂಡು, ಒಂದು ಚಾಕ್‌ಪೀಸು. ಅದೇ ದಿನ ಬೆಂಗಳೂರಿನ ಯಾವುದಾದರೂ ಶಾಲೆಗೆ ಫೋನ್ ಮಾಡಿ, ಅಲ್ಲಿಯ ಮಧ್ಯಾಹ್ನಕ್ಕೆ ಒಂದು ಮೀಟರ್ ಕೋಲಿನ ನೆರಳು ಎಷ್ಟಿದೆ ಎಂದು ಕೇಳಿದರೆ ಸುಮಾರು 7 ಸೆಂಟಿಮೀಟರ್ ಎಂಬ ಉತ್ತರ ಬರುತ್ತದೆ. ಅಂದರೆ ನಾಲ್ಕು ಡಿಗ್ರಿಯ ಕೋನ. ಎರಡು ಊರುಗಳ ದಕ್ಷಿಣೋತ್ತರ ಅಂತರ ಸುಮಾರು 450 ಕಿಲೋಮೀಟರ್. ನಾಲ್ಕು ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? ಭೂಮಿಯ ಸುತ್ತಳತೆ, 40,000 ಕಿಲೋಮೀಟರಿನ ಹತ್ತಿರ ಬಂದು ನಿಲ್ಲುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೊಸ್ತನೀಸ್ ಈಜಿಪ್ಟಿನಲ್ಲಿ ಹಾಕಿದ ಲೆಕ್ಕ ಇದೇ. ತ್ರೈರಾಶಿ ಬರುವ ಮಗುವಿಗೆ ಇದು ಬರುತ್ತದೆ.

ಜತ್ತ ಒಂದು ಕಾಲಕ್ಕೆ ಡಫಳೆ ಮನೆತನದ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ದಕ್ಷಿಣ ಸಾತಾರಾ ಎಂದಿದ್ದ ಜಿಲ್ಲೆ 1960ರಲ್ಲಿ ಸಾಂಗಲಿಯಾಯಿತು. ತಾಲೂಕಿನ ಪೂರ್ವಕ್ಕೆ ಕರ್ನಾಟಕದ ವಿಜಯಪುರ, ದಕ್ಷಿಣಕ್ಕೆ ಅಥಣಿ. ಉಮದಿ, ಸಂಖ, ಬಿಳೂರ, ತಿಕ್ಕುಂಡಿ, ದಾನಮ್ಮನ ಗುಡ್ಡಾಪುರ, ಹೀಗೆ ಕನ್ನಡ ಮನೆಮಾತಾಗಿರುವ ಊರುಗಳ ಸಾಲೇ ಇಲ್ಲಿದೆ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದ ಈ ನೆಲಕ್ಕೆ ಬರ ಹೊಸದಲ್ಲ. 2022ರ ಕೊನೆಗೆ ನೀರಿನ ವಿಷಯದಲ್ಲಿ ಈ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದಿನವೂ ಬಂತು. ಅವುಗಳ ಶಾಲೆಗಳ ಬಗ್ಗೆ ಬಂದದ್ದು ಕಡಿಮೆ.

ಇಲ್ಲಿಯ ಕನ್ನಡ ಪ್ರಾಥಮಿಕ ಶಾಲೆಗಳನ್ನು ನಡೆಸುವುದು ಜಿಲ್ಲಾ ಪರಿಷತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿಗೆ, 1956ರಲ್ಲಿ, ಸೇರಿದ ವಿಧಿ ಅದು. ಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. 1967ರಲ್ಲಿ ಹುಟ್ಟಿದ ಈ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡ, ಉರ್ದು, ಗುಜರಾತಿ, ತೆಲುಗು, ಸಿಂಧಿ ಮೊದಲಾದ ಮಾಧ್ಯಮಗಳಲ್ಲೂ ಪಠ್ಯ ಅಚ್ಚು ಮಾಡುತ್ತದೆ. ಹೀಗಾಗಿ ಉಮದಿಯ ಮಗು ಓದುವ ವಿಜ್ಞಾನದ ಪುಸ್ತಕ ಕನ್ನಡದ್ದೇ ಆದರೂ, ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಕರ್ನಾಟಕದ ಚಡಚಣದ ಮಗು ಓದುವ ಪುಸ್ತಕವಲ್ಲ. ಐದನೇ ತರಗತಿಯವರೆಗೆ ಪರಿಸರ ಅಧ್ಯಯನ, ಆರರಿಂದ ಎಂಟರವರೆಗೆ ಸಾಮಾನ್ಯ ವಿಜ್ಞಾನ. ಎಂಟರ ನಂತರ ಅನೇಕ ಮಕ್ಕಳ ಮಾಧ್ಯಮ ಬದಲಾಗುತ್ತದೆ; ಕೆಲವರು ಮರಾಠಿಗೆ ಹೋಗುತ್ತಾರೆ, ಕೆಲವರು ಇಂಗ್ಲಿಷಿಗೆ.

ಪ್ರಯೋಗ ಇಲ್ಲಿ ಅಲಂಕಾರಕ್ಕಲ್ಲ ಎಂದು ಹೇಳಬೇಕಾಗುವುದು ಇದೇ ಕಾರಣಕ್ಕೆ. ಬಾಯಿಪಾಠ ಮಾಡಿದ 'ಪ್ರತ್ಯಾಮ್ಲ' ಎಂಬ ಶಬ್ದ ಮಾಧ್ಯಮ ಬದಲಾದ ವರ್ಷವೇ ಕೈಬಿಟ್ಟು ಹೋಗಬಹುದು. ಆದರೆ ಸುಣ್ಣದ ತಿಳಿನೀರು ತಾಗಿದ ಕೂಡಲೇ ಹಳದಿ ಕಾಗದ ಕೆಂಪಾದದ್ದನ್ನು ಕಣ್ಣಾರೆ ಕಂಡ ಮಗುವಿಗೆ, ಹೊಸ ಭಾಷೆಯಲ್ಲಿ ಕಲಿಯಬೇಕಾದದ್ದು ಒಂದು ಹೆಸರು ಮಾತ್ರ. ಸಂಗತಿ ಅದಾಗಲೇ ಅದರ ಹತ್ತಿರವಿದೆ.

ಆ ಹಳದಿ ಕಾಗದವನ್ನೇ ತುಸು ನೋಡೋಣ. ಸಾಂಗಲಿಯ ಅರಿಶಿಣದ ಪೇಟೆ ದೇಶಕ್ಕೇ ಹೆಸರಾದದ್ದು. 2018ರಲ್ಲಿ ಸಾಂಗಲಿ ಅರಿಶಿಣಕ್ಕೆ ಭೌಗೋಳಿಕ ಸೂಚ್ಯಂಕದ ಮನ್ನಣೆಯೂ ಸಿಕ್ಕಿದೆ. ಜತ್ತದ ಕುರುಬರ ಜಾತ್ರೆಗಳಲ್ಲಿ ಬೀರಪ್ಪನಿಗೆ ಹಾರಿಸುವ ಭಂಡಾರವೂ ಅರಿಶಿಣವೇ. ಮನೆಯಿಂದ ಒಂದು ಚಮಚ ಅರಿಶಿಣ ತಂದು ನೀರಿನಲ್ಲಿ ಕಲಸಿ, ಬಿಳಿ ಕಾಗದಕ್ಕೆ ಬಳಿದು, ನೆರಳಲ್ಲಿ ಒಣಗಿಸಿ, ಬೆರಳಗಲ ಕತ್ತರಿಸಿದರೆ ಸೂಚಕ ಪಟ್ಟಿ ತಯಾರು. ಮೊದಲ ಪಟ್ಟಿಯ ಮೇಲೆ ಸಾಬೂನಿನ ನೀರಿನ ಹನಿ ಬಿಟ್ಟಾಗ ಹಳದಿ ಕದಡಿ ಇಟ್ಟಿಗೆಗೆಂಪು ಹರಡುತ್ತದೆ. ಎರಡನೆಯದಕ್ಕೆ ಸುಣ್ಣದ ತಿಳಿ. ಕೆಂಪು ಇನ್ನೂ ಗಾಢ. ಮೂರನೆಯದಕ್ಕೆ ಹುಣಸೆ ರಸ, ಏನೂ ಆಗುವುದಿಲ್ಲ. ಮಕ್ಕಳ ಮುಖ ಸಪ್ಪಗಾಗುವುದು ಇಲ್ಲಿ. ಆಗ ಕೆಂಪಾದ ಪಟ್ಟಿಯ ಮೇಲೆಯೇ ನಿಂಬೆರಸ ಹಿಂಡಿಸಬೇಕು. ಕೆಂಪು ಹಿಂದೆ ಸರಿದು, ಹನಿ ಬಿದ್ದಷ್ಟೇ ಜಾಗದಲ್ಲಿ ಹಳದಿ ಮರಳಿ ಬರುತ್ತದೆ.

ಇಷ್ಟಾದ ಮೇಲೆ ಮಕ್ಕಳು ಸುಮ್ಮನೆ ಕೂರುವುದಿಲ್ಲ. ಅರಿಶಿಣದ ಕಲೆಯಾದ ಅಂಗಿಗೆ ಸಾಬೂನು ಹಚ್ಚಿದಾಗ ಅವ್ವ ಯಾಕೆ ಬೈದುಕೊಂಡಳು ಎಂದು ನೆನಪಾಗುತ್ತದೆ. ಅರಿಶಿಣಕ್ಕೆ ಸುಣ್ಣ ಕೂಡಿಸಿ ಕುಂಕುಮ ಮಾಡುವುದು ಅಜ್ಜಿಗೆ ಗೊತ್ತು. ಅರಿಶಿಣದೊಳಗಿನ ಕರ್ಕ್ಯುಮಿನ್ ಎಂಬ ವಸ್ತು ಪ್ರತ್ಯಾಮ್ಲದಲ್ಲಿ ಬಣ್ಣ ಬದಲಿಸುತ್ತದೆ ಎಂಬ ವಾಕ್ಯ ಪುಸ್ತಕದಲ್ಲಿ ಬರುವ ಹೊತ್ತಿಗೆ, ಮನೆಯ ಮೂರು ತಲೆಮಾರಿನ ಹೆಂಗಸರು ಅದಕ್ಕೆ ಸಾಕ್ಷಿ ಹೇಳಿಯಾಗಿರುತ್ತದೆ.

ಇನ್ನು ನೀರು. ಟ್ಯಾಂಕರಿನ ಸದ್ದು ಕೇಳಿ ಕೊಡ ಹಿಡಿದು ಓಡಿದ ಮಕ್ಕಳಿಗೆ ನೀರಿನ ಪಾಠ ಹೇಳಿಕೊಡುವುದೇ ಬೇಕಿಲ್ಲ, ಅಳೆಯುವುದನ್ನು ಕಲಿಸಿದರೆ ಸಾಕು. ಮೂರು ಒಂದೇ ಅಳತೆಯ ಬಾಟಲಿ: ಒಂದರಲ್ಲಿ ಹಿಡಿದಿಟ್ಟ ಮಳೆನೀರು, ಇನ್ನೊಂದರಲ್ಲಿ ಬೋರಿನ ನೀರು, ಮತ್ತೊಂದರಲ್ಲಿ ಟ್ಯಾಂಕರಿನದು. ಪ್ರತಿಯೊಂದಕ್ಕೂ ಹತ್ತು ಹನಿ ಸಾಬೂನಿನ ನೀರು, ಹತ್ತು ಸಲ ಕುಲುಕು, ನೊರೆಯ ಎತ್ತರ ಸ್ಕೇಲಿನಿಂದ ಅಳೆ. ಮಳೆನೀರಿನ ನೊರೆ ಬಾಟಲಿಯ ಕುತ್ತಿಗೆಗೆ ಏರುತ್ತದೆ. ಗಡಸು ನೀರಿನಲ್ಲಿ ನೊರೆ ಏಳದೆ ಬೆಳ್ಳನೆಯ ಗಸಿ ತೇಲುತ್ತದೆ, ಏಕೆಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನನ್ನು ಹಿಡಿದು ಕೂರಿಸಿಬಿಡುತ್ತವೆ. ಅದೇ ನೀರನ್ನು ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ಸಂಜೆಗೆ ಬಿಳಿ ಉಂಗುರ ಉಳಿಯುತ್ತದೆ.

ಕೃಷ್ಣೆಯ ನೀರನ್ನು ಮಿರಜ ತಾಲೂಕಿನ ಮ್ಹೈಸಾಳದಿಂದ ಜತ್ತದ ಕಡೆಗೆ ಎತ್ತುವ ಏತ ನೀರಾವರಿ ಯೋಜನೆಯನ್ನು ದೊಡ್ಡವರು ಕಟ್ಟೆಯ ಮೇಲೆ ಕೂತು ವರ್ಷಗಟ್ಟಲೆ ಚರ್ಚಿಸಿದ್ದಾರೆ. ನೀರನ್ನು ಒಂದೇ ಏಟಿಗೆ ಎತ್ತದೆ ಹಂತಹಂತವಾಗಿ ಏಕೆ ಎತ್ತುತ್ತಾರೆ ಎಂಬ ಪ್ರಶ್ನೆ ಮಕ್ಕಳದ್ದು. ಸೂಜಿ ತೆಗೆದ ಇಂಜೆಕ್ಷನ್ ಸಿರಿಂಜು, ಸಲೈನ್ ನಳಿಗೆ ಇದ್ದರೆ ಪಂಪಿನ ಮಾದರಿ ಕೈಯಲ್ಲೇ ಆಡುತ್ತದೆ. ನಳಿಗೆ ಉದ್ದವಾದಷ್ಟೂ, ಮೇಲಕ್ಕೆ ಹಿಡಿದಷ್ಟೂ ಹೆಬ್ಬೆರಳಿಗೆ ಭಾರ ಹೆಚ್ಚು. ಪ್ರತಿ ಹತ್ತು ಮೀಟರ್ ಎತ್ತರಕ್ಕೆ ನೀರು ವಾತಾವರಣದ ಒಂದು ಒತ್ತಡದಷ್ಟು ಹೆಚ್ಚು ಒತ್ತುತ್ತದೆ ಎಂಬುದು ಹೆಬ್ಬೆರಳಿಗೆ ಗೊತ್ತಾದ ಮೇಲೆ ತಲೆಗೆ ಹತ್ತುವುದು ಕಷ್ಟವಲ್ಲ.

ಪ್ರಯೋಗಶಾಲೆ ಇಲ್ಲದ ಹಳ್ಳಿಯಲ್ಲಿ ವಿಜ್ಞಾನ ಕಲಿಸುವ ಈ ದಾರಿಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತುಳಿದದ್ದು ಮಧ್ಯಪ್ರದೇಶದ ಹೋಶಂಗಾಬಾದ್. ಕಿಶೋರ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 1972ರಲ್ಲಿ 16 ಶಾಲೆಗಳಲ್ಲಿ ಶುರುಮಾಡಿದ ಕಾರ್ಯಕ್ರಮ ಮೂವತ್ತು ವರ್ಷ ನಡೆದು 2002ರಲ್ಲಿ ನಿಂತಿತು. ಟೆಲ್ಕೋದಲ್ಲಿ ಎಂಜಿನಿಯರಾಗಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಹಾಕಿ ಅಲ್ಲಿಗೆ ಹೋದವರು. ಸೈಕಲ್ಲಿನ ವಾಲ್‌ಟ್ಯೂಬಿನ ತುಂಡುಗಳಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ಚುಚ್ಚಿ ಆಕೃತಿ ಕಟ್ಟುವ ಆಟ ಅವರ ತಲೆಯಲ್ಲಿ ಹೊಳೆದದ್ದು ಅಲ್ಲಿಯ ಸಂತೆಯಲ್ಲಿ. ಮೂರು ಕಡ್ಡಿಯ ತ್ರಿಕೋನವನ್ನು ಎಷ್ಟು ಒತ್ತಿದರೂ ಅಲುಗದು, ನಾಲ್ಕು ಕಡ್ಡಿಯ ಚೌಕ ಒತ್ತಿದ ಕೂಡಲೇ ವಾಲುತ್ತದೆ. ಪತ್ರಾಸಿನ ಚಾವಣಿಯ ಕೆಳಗೆ, ವಿದ್ಯುತ್ ಟವರಿನಲ್ಲಿ ತ್ರಿಕೋನಗಳೇ ಏಕೆ ತುಂಬಿವೆ ಎಂದು ಆಮೇಲೆ ತಲೆಯೆತ್ತಿ ನೋಡಿದರಾಯಿತು. ಗುಪ್ತಾ ಮುಂದೆ ಪುಣೆಯ ಆಯುಕಾ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ದುಡಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಅವರ ಪುಸ್ತಕಗಳು ಕನ್ನಡದಲ್ಲೂ ಸಿಗುತ್ತವೆ, ಅಂತರಜಾಲದಲ್ಲಿ ಪುಕ್ಕಟೆಯಾಗಿ. ಇದು ಗಡಿಯ ಕನ್ನಡ ಶಾಲೆಗಳಿಗೆ ದೊಡ್ಡ ಉಪಕಾರ.

ಇಷ್ಟೆಲ್ಲ ಕಲಿತ ಮಗುವಿಗೆ ಶಹಬ್ಬಾಸ್ ಎನ್ನುವವರು ಯಾರು?

ಊರು ಅನ್ನುತ್ತದೆ. ಆಗಸ್ಟ್ 15, ಜನವರಿ 26ರಂದು ಧ್ವಜ ಏರಿದ ಮೇಲೆ ಹೆಸರು ಕರೆದು, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಚಪ್ಪಾಳೆ ತಟ್ಟುವ ಪದ್ಧತಿ ಈ ಭಾಗದಲ್ಲಿ ಗಟ್ಟಿಯಾಗಿದೆ. ಹೆಚ್ಚಾಗಿ ಆ ಮಾನ ಸಲ್ಲುವುದು ಶಿಷ್ಯವೃತ್ತಿ ಪರೀಕ್ಷೆಯಲ್ಲಿ ಗೆದ್ದವರಿಗೆ. ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ತಲಾ 150 ಅಂಕದ ಎರಡು ಪತ್ರಿಕೆ: ಪ್ರಥಮ ಭಾಷೆ, ಗಣಿತ, ತೃತೀಯ ಭಾಷೆ, ಬುದ್ಧಿಮತ್ತೆ. ವಿಜ್ಞಾನ ಎಂಬ ವಿಷಯ ಅದರಲ್ಲಿಲ್ಲ. ಹಳ್ಳಿಯಲ್ಲಿ ಅತಿ ಹೆಚ್ಚು ಮಾನವಿರುವ ಪರೀಕ್ಷೆ ನೊರೆ ಅಳೆದ ಕೈಯನ್ನು ನೋಡುವುದೇ ಇಲ್ಲ ಎಂಬುದು ನಿಜಕ್ಕೂ ಮನಸ್ಸಿಗೆ ಚುಚ್ಚುವ ಸಂಗತಿ. ಎಂಟನೇ ತರಗತಿಯ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಜಾಗವಿದೆ. ಅದರಲ್ಲಿ ಆಯ್ಕೆಯಾದ ಬಡ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ.

ಕೈಕೆಲಸಕ್ಕೆ ಬೆಲೆ ಕಟ್ಟುವುದು ಎರಡು ಕಡೆ. ಒಂದು, ವಿಜ್ಞಾನ ಪ್ರದರ್ಶನ. ತಾಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಏರುವ ಮೆಟ್ಟಿಲು ಅದು. ಶಿಕ್ಷಕರು ತಯಾರಿಸಿದ ಪಾಠೋಪಕರಣಗಳಿಗೂ ಬೇರೆ ಬಹುಮಾನವಿದೆ. ಕನ್ನಡ ಶಾಲೆಯ ಮಗು ಇಲ್ಲಿ ಮರಾಠಿ ಶಾಲೆಯ ಮಕ್ಕಳ ಜೊತೆ ಒಂದೇ ಸಾಲಿನಲ್ಲಿ ಮೇಜು ಹಾಕಿ ನಿಲ್ಲುತ್ತದೆ. ಕನ್ನಡದಲ್ಲಿ ಯೋಚಿಸಿ ಮರಾಠಿಯಲ್ಲಿ ವಿವರಿಸುವ ಆ ಐದು ನಿಮಿಷದಲ್ಲಿ, ಕಂಠಪಾಠ ಮಾಡಿ ಬಂದವನು ತಡವರಿಸುತ್ತಾನೆ. ಮಾದರಿಯನ್ನು ತಾನೇ ಕಟ್ಟಿದವನು ಶಬ್ದ ಸಿಗದಿದ್ದರೆ ನಳಿಗೆ ಎತ್ತಿ ತೋರಿಸುತ್ತಾನೆ. ಇನ್ನೊಂದು, ಕೇಂದ್ರ ವಿಜ್ಞಾನ ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್. ಆರನೇ ತರಗತಿಯಿಂದ ಮೇಲಿನ ಮಕ್ಕಳು ತಮ್ಮ ಸ್ವಂತ ಯೋಚನೆಯನ್ನು ಶಾಲೆಯ ಮೂಲಕ ಕಳಿಸುತ್ತಾರೆ. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೇ ಬೀಳುತ್ತದೆ. ಪರೀಕ್ಷೆಯ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಅವ್ವನ ಕೊಡದ ಭಾರ, ಅಪ್ಪನ ಬೆನ್ನಿನ ಔಷಧ ಸಿಂಪಡಿಸುವ ಪಂಪು, ಕುರಿಮರಿ ಹಿಂಡಿನಿಂದ ತಪ್ಪಿಸಿಕೊಳ್ಳುವುದು, ಇಂಥವನ್ನು ದಿನವೂ ನೋಡುವ ಇದೇ ತಾಲೂಕಿನ ಮಾಡಗ್ಯಾಳದ ಮಗುವಿಗೆ ಯೋಚನೆಗಳ ಬರ ಬರಲಾರದು.

ಆದರೆ ಆರನೇ ತರಗತಿಗಿಂತ ಕೆಳಗಿನವರಿಗೆ? ಜತ್ತದ ಜನ ಹೊಲಗಳಲ್ಲೇ ಮನೆ ಮಾಡಿಕೊಂಡು ವಸ್ತಿಗಳಲ್ಲಿ ಚದುರಿ ಬದುಕುವವರು. ಅಲ್ಲಿಯ ಸಣ್ಣ ಶಾಲೆಗಳಲ್ಲಿ ನಾಲ್ಕೈದನೇ ತರಗತಿಗೆ ಓದು ಮುಗಿಯುತ್ತದೆ. ಅವರ ಅರಿಶಿಣದ ಪಟ್ಟಿಗೆ ಜಿಲ್ಲೆಯ ವೇದಿಕೆ ಇಲ್ಲ. ಆ ಮಕ್ಕಳಿಗೆ ಆಗಸ್ಟ್ 15ರ ಕಟ್ಟೆಯೇ ಗತಿ. ಅಂಕದ ಹೆಸರುಗಳ ಜೊತೆಗೆ, ಜೂನಿನಿಂದ ಮಳೆ ಅಳೆದು ಬರೆದಿಟ್ಟವಳ ಹೆಸರನ್ನೂ ಅಲ್ಲಿ ಕರೆಯುವುದು ಶಾಲೆಯ ಕೈಯಲ್ಲೇ ಇದೆ. ಅದಕ್ಕೆ ಯಾವ ಆದೇಶವೂ ಬೇಕಿಲ್ಲ.

ಇನ್ನೊಂದು ಗುಂಪು ಪ್ರದರ್ಶನದ ಹೊತ್ತಿಗೆ ಊರಲ್ಲೇ ಇರುವುದಿಲ್ಲ. ದೀಪಾವಳಿಯ ಹೊತ್ತಿಗೆ ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡಿದರೆ ಜತ್ತದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಗಂಟುಮೂಟೆ ಕಟ್ಟುತ್ತವೆ. ಮಕ್ಕಳೂ ಜೊತೆಗೆ ಹೋಗುತ್ತಾರೆ. ವಿಜ್ಞಾನ ಪ್ರದರ್ಶನ ನಡೆಯುವ ಚಳಿಗಾಲದಲ್ಲಿ, ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಅವರು ಯಾವುದೋ ಊರಿನ ಕಬ್ಬಿನ ಗದ್ದೆಯ ಬದಿಯ ಗುಡಿಸಲಲ್ಲಿರುತ್ತಾರೆ. ಹಂಗಾಮು ಮುಗಿದು ಊರಿಗೆ ಮರಳುವುದು ಬೇಸಿಗೆಗೆ.

ಮೇ 8ಕ್ಕೆ ಅವರು ಊರಲ್ಲಿರುತ್ತಾರೆ. ಶಾಲೆಗೆ ರಜೆ, ಆದರೂ ಕಂಬ ಅಲ್ಲೇ ನಿಂತಿರುತ್ತದೆ. ಆಗಸ್ಟಿನಂತೆ ಮೋಡದ ಕಾಟವೂ ಇಲ್ಲ, ಜತ್ತದ ಮೇ ತಿಂಗಳ ಬಿಸಿಲು ಎಲ್ಲರಿಗೂ ಗೊತ್ತಿರುವುದೇ. ಸೂರ್ಯ ಆ ದಿನ ತುಸು ಮುಂಚೆ, 12 ಗಂಟೆ 25 ನಿಮಿಷಕ್ಕೆ ನೆತ್ತಿಗೆ ಬರುತ್ತಾನೆ. ಗುರುಗಳು ಹಿಂದಿನ ಸಂಜೆ ವಸ್ತಿಗೆ ಒಂದು ಮಾತು ಮುಟ್ಟಿಸಿದರೆ, ಹತ್ತು ನಿಮಿಷ ಮೊದಲೇ ಮಕ್ಕಳು ಚಾಕ್‌ಪೀಸು ಹಿಡಿದು ಕಂಬದ ಸುತ್ತ ನಿಂತಿರುತ್ತಾರೆ.